ಸೈಕಲ್ ತುಳಿದು ಕಡಲು ನೋಡಿ ಬರಲು ಯಾರ ಅಪ್ಪಣೆ ಬೇಕಿತ್ತು?

"ಕಬ್ಬಿನ ಹಂಗಾಮ ಐತಿ, ಊರಾಗ ಕೆಲ್ಸ ಬಿದ್ದಾವ. ಇವ್ರು ನೋಡ್ರಿ, ತಿಮಿಂಗಿಲ ನೋಡಾಕ ಹೋಗಿದ್ರಂತ!"

ಜಮಖಂಡಿಯ ಒಂದು ಚಹಾದಂಗಡಿಯಲ್ಲಿ ನಮ್ಮನ್ನು ಎದುರಿಗೇ ಕೂರಿಸಿಕೊಂಡು ಹಿರಿಯರೊಬ್ಬರು ಆಡಿದ ಮಾತಿದು. ಸುತ್ತಲಿದ್ದವರು ನಕ್ಕರು, ನಾವೂ ನಕ್ಕೆವು. ಮನೆಗೆ ಬಂದ ಮೇಲೆ ನಗು ಇಳಿದು ಸಿಟ್ಟು ಏರಿತು. ಆ ಸಿಟ್ಟು ಪೂರ್ತಿ ಆರುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇವೆ. ಮೊಬೈಲಿನಲ್ಲಿ ಓದುವವರಿಗೆ ಸ್ವಲ್ಪ ಉದ್ದವಾದೀತು, ತಡೆದುಕೊಳ್ಳಿ.

ನಡೆದದ್ದು ಇಷ್ಟು. ನಾವು ನಾಲ್ವರು, ಜಮಖಂಡಿಯವನೊಬ್ಬ, ಮುಧೋಳದವನೊಬ್ಬ, ಬೀಳಗಿಯವಳೊಬ್ಬಳು, ಬನಹಟ್ಟಿಯವನೊಬ್ಬ, ಜನವರಿಯ ಒಂದು ಶನಿವಾರ ರಾತ್ರಿ ಬಸ್ಸು ಹತ್ತಿ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಕಾರವಾರ ಸೇರಿದೆವು. ಅಲ್ಲಿ ಓದುವ ಗೆಳೆಯರು ನಾಲ್ಕು ಹಳೆಯ ಸೈಕಲ್ ಕೊಟ್ಟರು. ಒಂದಕ್ಕೆ ಬ್ರೇಕ್ ಅರ್ಧ, ಇನ್ನೊಂದಕ್ಕೆ ಸೀಟು ಹರಿದಿತ್ತು. ರವೀಂದ್ರನಾಥ ಟ್ಯಾಗೋರ್ ಕಡಲತೀರದಿಂದ ಹೊರಟು, ದಡದ ಮೇಲೆ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮುಂದೆ ಫೋಟೊ ತೆಗೆಸಿಕೊಂಡು, ಕೋಡಿಬಾಗ ದಾಟಿ, ಕಾಳಿ ಸೇತುವೆ ಮೇಲಿಂದ ಸದಾಶಿವಗಡ, ಅಲ್ಲಿಂದ ಮಾಜಾಳಿ. ಅವಸರ ಇರಲಿಲ್ಲ. ಎಲ್ಲಿ ನೆರಳು ಕಂಡಿತೋ ಅಲ್ಲಿ ಇಳಿದೆವು, ಎಲ್ಲಿ ಮೀನಿನ ಸಾರಿನ ವಾಸನೆ ಬಂತೋ ಅಲ್ಲಿ ಉಂಡೆವು. ನಮ್ಮಲ್ಲಿ ಇಬ್ಬರು ಶಾಕಾಹಾರಿಗಳು, ಅವರಿಗೆ ಅವಲಕ್ಕಿ.

ಸೇತುವೆಯ ಮೇಲೆ ಮಾತ್ರ ಮೈ ಜುಮ್ಮೆಂದಿತು. 2024ರ ಆಗಸ್ಟ್ 7ರ ನಡುರಾತ್ರಿ ಅಲ್ಲಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದ ಸುದ್ದಿ ನೀವೂ ಓದಿರುತ್ತೀರಿ. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಹೊಸ ಸೇತುವೆಯ ಮೇಲೆ ಲಾರಿಗಳು ಪಕ್ಕದಲ್ಲೇ ಗುಡುಗಿ ಹೋಗುವಾಗ ಸೈಕಲ್ಲಿನ ಹ್ಯಾಂಡಲ್ ತಾನೇ ನಡುಗುತ್ತದೆ.

ಮಧ್ಯಾಹ್ನ ದೋಣಿ ಹತ್ತಿದೆವು. ಹತ್ತುವ ಮೊದಲೇ ಕೇಳಿದೆವು, "ತಿಮಿಂಗಿಲ ಸಿಗುತ್ತಾ?" ದೋಣಿಯವರು ನಕ್ಕು, "ತಿಮಿಂಗಿಲ ನನ್ನ ಕೈಯಲ್ಲಿಲ್ಲ. ಡಾಲ್ಫಿನ್ ಕಂಡರೆ ನಿಮ್ಮ ಪುಣ್ಯ" ಅಂದರು. ಅವರು ಹೇಳಿದ್ದು ಸತ್ಯ. ನಮ್ಮ ಕರಾವಳಿಯ ಆಚೆ ಆಳದಲ್ಲಿ ತಿಮಿಂಗಿಲಗಳಿವೆ: ಬ್ರೈಡ್ಸ್ ತಿಮಿಂಗಿಲ, ನೀಲಿ ತಿಮಿಂಗಿಲ, ಅರಬ್ಬಿ ಸಮುದ್ರ ಬಿಟ್ಟು ದೂರ ಹೋಗದ ಗೂನು ತಿಮಿಂಗಿಲ. ಆದರೆ ದಡದಿಂದ ಟಿಕೆಟ್ ತೆಗೆದು ಹೋಗಿ ದಿನಾ ನೋಡಿ ಬರುವಂಥದ್ದಲ್ಲ. ಶ್ರೀಲಂಕಾದ ಮಿರಿಸ್ಸಾದಲ್ಲಿ ಆಳ ಸಮುದ್ರ ದಡಕ್ಕೆ ಹತ್ತಿರವೇ ಇರುವುದರಿಂದ ಅಲ್ಲಿ ನೀಲಿ ತಿಮಿಂಗಿಲ ತೋರಿಸುವುದೇ ಒಂದು ದಂಧೆಯಾಗಿದೆ. ಕಾರವಾರದಲ್ಲಿ ಕಾಣುವುದು ಗೂನು ಡಾಲ್ಫಿನ್. ಅದೂ ತಿಮಿಂಗಿಲದ ಬಳಗವೇ. ಮೀನಲ್ಲ, ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕಿ ಹಾಲೂಡಿಸುತ್ತದೆ.

ಕೂರ್ಮಗಡ ದ್ವೀಪದ ದಿಕ್ಕಿಗೆ ಸ್ವಲ್ಪ ದೂರ ಹೋಗಿ ಅವರು ಎಂಜಿನ್ ಆರಿಸಿದರು. ಗಪ್ ಅಂದರೆ ಗಪ್. ನೀರು ದೋಣಿಗೆ ಬಡಿಯುವ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ "ಫುಸ್" ಅಂತ ಒಂದು ಉಸಿರು. ಮೊದಲು ಕಿವಿಗೆ ಕೇಳಿತು, ಆಮೇಲೆ ಕಣ್ಣಿಗೆ ಬೂದು ಬೆನ್ನು. ಎರಡು ದೊಡ್ಡವು, ಪಕ್ಕದಲ್ಲೊಂದು ಮರಿ. ಬೀಳಗಿಯವಳು ನಮ್ಮ ತೋಳು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಸಂಜೆವರೆಗೆ ಉಗುರಿನ ಗುರುತು ಇತ್ತು.

ಇಷ್ಟೇ ನಮ್ಮ ಅಪರಾಧ. ತಿಮಿಂಗಿಲ ನೋಡಲು ಹೋಗಿ ಡಾಲ್ಫಿನ್ ನೋಡಿ ಬಂದೆವು.

ಈಗ ಚಹಾದಂಗಡಿಯ ಮಾತಿಗೆ ಬರೋಣ. ಅಲ್ಲಿ ನಮಗೆ ಮೂರು ಪ್ರಶ್ನೆ ಬಂದವು. ಕೆಲಸದ ಹೊತ್ತಲ್ಲಿ ತಿರುಗಾಟ ಯಾಕೆ? ತಿಮಿಂಗಿಲದ ವಾಂತಿ ಸಿಕ್ಕಿತಾ? ಬೈಕ್ ಇರುವಾಗ ಸೈಕಲ್ ಯಾಕೆ?

ನಡುವಿನದನ್ನು ಮೊದಲು ತೆಗೆದುಕೊಳ್ಳುತ್ತೇವೆ. ಯಾಕೆಂದರೆ ಅದೇ ಅತಿ ಅಪಾಯದ್ದು. ನಮ್ಮ ಊರುಗಳಲ್ಲಿ ತಿಮಿಂಗಿಲ ಅಂದ ಕೂಡಲೇ ಮೊದಲು ನೆನಪಾಗುವುದು ವಾಟ್ಸ್ಯಾಪಿನಲ್ಲಿ ಬಂದ "ವಾಂತಿಯಿಂದ ಕೋಟ್ಯಧಿಪತಿ" ವಿಡಿಯೊ. ಆ ವಸ್ತುವಿನ ಹೆಸರು ಅಂಬರ್‌ಗ್ರಿಸ್. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಅದು ನುಂಗಿದ ಸ್ಕ್ವಿಡ್‌ಗಳ ಗಟ್ಟಿ ಕೊಕ್ಕಿನ ಸುತ್ತ ಕಟ್ಟುವ ಮೇಣದಂಥ ಗಡ್ಡೆ. ಸುಗಂಧದ್ರವ್ಯದವರು ಬಳಸುತ್ತಿದ್ದರು, ಅದಕ್ಕೇ ಆ ಬೆಲೆ. ನಮ್ಮ ದೇಶದಲ್ಲಿ ಸ್ಪರ್ಮ್ ತಿಮಿಂಗಿಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅಂಬರ್‌ಗ್ರಿಸ್ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. 2021ರಲ್ಲಿ ಬೆಂಗಳೂರಿನಲ್ಲೇ ಪೊಲೀಸರು ಒಂದಕ್ಕಿಂತ ಹೆಚ್ಚು ಸಲ ಮಾಲು ಹಿಡಿದು ಜನರನ್ನು ಬಂಧಿಸಿದರು. "ನಮ್ಮ ಹತ್ರ ಒಂದು ತುಂಡು ಐತಿ, ಮುಂಗಡ ಕೊಡ್ರಿ" ಅಂತ ಯಾರಾದರೂ ನಿಮ್ಮ ಊರಿಗೆ ಬಂದರೆ ಎರಡೇ ಸಾಧ್ಯತೆ: ಅದು ನಕಲಿ, ನಿಮ್ಮ ದುಡ್ಡು ಹೋಗುತ್ತದೆ, ಇಲ್ಲವೇ ಅದು ಅಸಲಿ, ನೀವು ಒಳಗೆ ಹೋಗುತ್ತೀರಿ. ಎಕರೆ ಕಬ್ಬಿಗೆ ಸಾಲ ಮಾಡಿದವನಿಗೆ ಮೂರನೆಯ ಸಾಧ್ಯತೆ ಇಲ್ಲ.

ಒಂದು ಕಿಲೋಮೀಟರಿಗಿಂತ ಆಳಕ್ಕೆ ಒಂದೇ ಉಸಿರಿನಲ್ಲಿ ಮುಳುಗಿ ಬರುವ ಪ್ರಾಣಿಯದು. ಅದರ ಬಗ್ಗೆ ನಮಗೆ ಗೊತ್ತಿರುವುದು ವಾಂತಿ ಮಾತ್ರ ಅಂದರೆ ನಾಚಿಕೆ ಯಾರಿಗೆ ಆಗಬೇಕು?

ಗುಜರಾತಿನ ವೆರಾವಲ್ ಕಡೆ ನಡೆದದ್ದನ್ನು ಹೇಳಬೇಕು. ಅಲ್ಲಿ ತಿಮಿಂಗಿಲ ಶಾರ್ಕ್ ಎಂಬ ಭಾರೀ ಮೀನನ್ನು (ಹೆಸರು ತಿಮಿಂಗಿಲ, ಜಾತಿ ಮೀನು) ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂತು. ಆದರೆ ಬರೀ ಕಾನೂನಿನಿಂದ ಬೇಟೆ ನಿಲ್ಲಲಿಲ್ಲ. 2004ರಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅವರು, ಇದು ಹೆರಿಗೆಗೆ ತವರಿಗೆ ಬರುವ ಮಗಳು ಎಂದು ಮೀನುಗಾರರಿಗೆ ಹೇಳಿದರು. ತವರು, ಮಗಳು, ಹೆರಿಗೆ: ಈ ಭಾಷೆ ಆ ಜನಕ್ಕೆ ನಾಟಿತು. ಬಲೆಗೆ ಬಿದ್ದ ಮೀನನ್ನು ಬಿಡಿಸಲು ಅವರು ತಮ್ಮ ಬಲೆಯನ್ನೇ ಕತ್ತರಿಸತೊಡಗಿದರು, ಹರಿದ ಬಲೆಗೆ ಪರಿಹಾರವೂ ಬಂತು. ನಮ್ಮ ಕಡೆಯೂ ತವರಿನ ಮಾತು ಯಾರಿಗೆ ನಾಟುವುದಿಲ್ಲ ಹೇಳಿ?

ಅಂದ ಹಾಗೆ, ಕಾರವಾರದಲ್ಲಿ ಎಲ್ಲ ಚೆಂದವಿತ್ತು ಅಂತಲ್ಲ. ನಮ್ಮ ದೋಣಿ ಎಂಜಿನ್ ಆರಿಸಿ ನಿಂತಿದ್ದಾಗ ಇನ್ನೊಂದು ದೋಣಿ ಭರ್ರೆಂದು ಬಂದು ಆ ಮರಿಯ ಹಿಂದೆ ಬಿತ್ತು. ಒಳಗಿದ್ದವರು ಶಿಳ್ಳೆ ಹೊಡೆದರು. ಮೂರೂ ಮುಳುಗಿದವು, ಮತ್ತೆ ಕಾಣಲಿಲ್ಲ. ನೀರಿನೊಳಗೆ ಸದ್ದಿನಿಂದಲೇ ದಾರಿ, ಆಹಾರ, ಮರಿ ಎಲ್ಲವನ್ನೂ ಹುಡುಕುವ ಪ್ರಾಣಿಗೆ ಎಂಜಿನ್ ಸದ್ದು ಅಂದರೆ ಜಾತ್ರೆಯಲ್ಲಿ ಡಿಜೆ ಪಕ್ಕ ನಿಂತು ಕಳೆದುಹೋದ ಮಗುವನ್ನು ಕೂಗಿದ ಹಾಗೆ. ಪ್ರವಾಸೋದ್ಯಮ ಅಂತ ಪೋಸ್ಟರ್ ಹಚ್ಚುವವರು ದೋಣಿ ಎಷ್ಟು ದೂರ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ದೋಣಿಯ ಮೇಲೇ ಹಚ್ಚಲಿ. ನೋಡಲು ಹೋದವರೂ "ಹತ್ರ ಹೋಗ್ರಿ, ಹತ್ರ ಹೋಗ್ರಿ" ಅಂತ ಒದರುವುದನ್ನು ಬಿಡಬೇಕು. ಶಿಳ್ಳೆ ಹೊಡೆದವರ ಮಾತು ಕೇಳಿದರೆ ನಮ್ಮ ಸೀಮೆಯವರೇ. ಅದೇ ಹೆಚ್ಚು ನೋವು.

ಇನ್ನು ಮೊದಲ ಪ್ರಶ್ನೆ: ಕೆಲಸದ ಹೊತ್ತಲ್ಲಿ ತಿರುಗಾಟ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸದ ಹೊತ್ತು ಯಾವುದಲ್ಲ? ಕಬ್ಬು ಕಡಿಯುವಾಗ ಕಬ್ಬಿನ ಕೆಲಸ, ಕಡಿದ ಮೇಲೆ ಕುಳೆ ಬೆಳೆಯ ಕೆಲಸ, ಅದಾದರೆ ಕಾರ್ಖಾನೆ ಬಿಲ್ಲಿಗೆ ಓಡಾಡುವ ಕೆಲಸ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಂತೂ ಸೀರೆ ಲೆಕ್ಕದ ಮೇಲೆ ಕೂಲಿ. ಮಗ್ಗ ನಿಂತ ದಿನ ಕೂಲಿ ನಿಂತಿತು. ನಮ್ಮ ಬನಹಟ್ಟಿಯ ಗೆಳೆಯನ ತಂದೆ ಮೂವತ್ತು ವರ್ಷ ಮಗ್ಗದ ಸದ್ದಿನಲ್ಲೇ ಇದ್ದವರು. ಎಡಗಿವಿ ಮಂದವಾಗಿದೆ. ಅವರು ಈವರೆಗೆ ಸಮುದ್ರ ನೋಡಿಲ್ಲ. ಅವರು ನೇಯ್ದ ಸೀರೆ ಉಟ್ಟವರು ಎಷ್ಟು ಸಲ ನೋಡಿದ್ದಾರೋ.

ಬೆಂಗಳೂರಿನವರು ಶನಿವಾರ-ಭಾನುವಾರ ಗೋಕರ್ಣಕ್ಕೆ ಹೋದರೆ ಅದು "ವೀಕೆಂಡ್". ಬನಹಟ್ಟಿಯವನು ಹೋದರೆ "ಕೆಲಸಗೇಡಿ". ಈ ಎರಡು ಹೆಸರು ಇಟ್ಟವರು ಯಾರು? ಹೊರಗಿನವರು ಇಟ್ಟಿದ್ದರೆ ಜಗಳವಾಡಬಹುದಿತ್ತು. ಇಟ್ಟವರು ನಾವೇ, ಚಹಾದಂಗಡಿಯಲ್ಲಿ ಕೂತು. ತಮಾಷೆ ಏನೆಂದರೆ, ಆ ಹಿರಿಯರು ಬೆಳಗ್ಗೆಯಿಂದ ಅದೇ ಬೆಂಚಿನ ಮೇಲಿದ್ದರು. ಬೆಂಚಿನ ಮೇಲೆ ಕೂತರೆ ಹೊತ್ತು ಹೋಗುವುದಿಲ್ಲ, ಸೈಕಲ್ ಮೇಲೆ ಕೂತರೆ ಹೋಗುತ್ತದೆಯೇ? ಜಾತ್ರೆಗೆ ಹೋದರೆ, ಮದುವೆಗೆ ಹೋದರೆ, ಧರ್ಮಸ್ಥಳಕ್ಕೆ ಗಾಡಿ ಮಾಡಿಕೊಂಡು ಹೋದರೆ ಯಾರೂ ಕೇಳುವುದಿಲ್ಲ. ದೇವರ ನೆಪ, ಬೀಗರ ನೆಪ ಇಲ್ಲದೆ ಸುಮ್ಮನೆ ಹೋಗಿ ಬಂದರೆ ಮಾತ್ರ ತಕರಾರು. ಹೆಣ್ಣುಮಗಳು ಹೋದರಂತೂ ಎರಡು ಪಟ್ಟು ತಕರಾರು; ಬೀಳಗಿಯವಳು ಮನೆಯಲ್ಲಿ ಏನು ಕೇಳಿಸಿಕೊಂಡಳು ಅನ್ನುವುದನ್ನು ಬರೆಯಬೇಡಿ ಅಂದಿದ್ದಾಳೆ.

ಮುಧೋಳದ ರನ್ನನ ಹೆಸರಲ್ಲಿ ನಾವು ಉತ್ಸವ ಮಾಡುತ್ತೇವೆ. ಬಳೆಗಾರರ ಮನೆಯ ಹುಡುಗ ಅವನು. ಹಂಗಾಮ ನೋಡಿ ಊರಲ್ಲೇ ಕೂತಿದ್ದರೆ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಳ್ಳುತ್ತಿರಲಿಲ್ಲ. ನಾವು ರನ್ನನಲ್ಲ, ಬಸ್ ಚಾರ್ಜಿಗೆ ದುಡ್ಡು ಕೂಡಿಸಿದ ನಾಲ್ವರು ಅಷ್ಟೇ. ಆದರೂ ಹೇಳಬೇಕೆನಿಸಿತು.

ಮೂರನೆಯದು ಸೈಕಲ್. ಇದರಲ್ಲಿ ನಮಗೆ ಹೇಳುವುದು ಬಹಳವಿದೆ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಬೀಳಗಿಯವಳಿಗೆ ಸಿಕ್ಕಿತ್ತು. ಊರಿಂದ ಹೈಸ್ಕೂಲಿಗೆ ಐದು ಕಿಲೋಮೀಟರ್. ಆ ಸೈಕಲ್ ಇಲ್ಲದಿದ್ದರೆ ಎಂಟಕ್ಕೇ ಶಾಲೆ ಬಿಡಿಸುತ್ತಿದ್ದರು ಅಂತ ಅವಳೇ ಹೇಳುತ್ತಾಳೆ. ಕೊರೊನಾ ಬಂದ ಮೇಲೆ ಹಂಚಿಕೆ ನಿಂತಿತು. ಕೊರೊನಾ ಹೋಯಿತು, ಸೈಕಲ್ ಮಾತ್ರ ತಿರುಗಿ ಬರದೆ ವರ್ಷಗಳು ಉರುಳಿದವು. ನಮ್ಮ ಊರಲ್ಲಿ ಇದಕ್ಕಾಗಿ ಒಂದು ಮೆರವಣಿಗೆ ಆಗಲಿಲ್ಲ. ಕಬ್ಬಿನ ದರಕ್ಕೆ ಹೆದ್ದಾರಿ ತಡೆಯುವ ನಾವು ಮಕ್ಕಳ ಸೈಕಲ್ಲಿಗೆ ಒಂದು ಮನವಿ ಪತ್ರವನ್ನೂ ಕೊಡಲಿಲ್ಲ. ದರಕ್ಕೆ ಹೋರಾಡಿದ್ದು ಸರಿಯೇ. ಎರಡನೆಯದನ್ನು ಮರೆತದ್ದು ಸರಿಯಲ್ಲ.

ದೇಶದ ಸೈಕಲ್ ಸ್ಪರ್ಧೆಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗ ಹುಡುಗಿಯರ ಹೆಸರು ವರ್ಷ ವರ್ಷ ಬರುತ್ತದೆ. ಅವರು ಅಭ್ಯಾಸ ಮಾಡುವುದು ಎಲ್ಲಿ? ನಸುಕಿನಲ್ಲಿ ಹೆದ್ದಾರಿಯ ಅಂಚಿನ ಬಿಳಿ ಗೆರೆಯ ಮೇಲೆ. ವಿಜಯಪುರದ ವೆಲೋಡ್ರೋಮ್ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು. ಪದಕ ಬಂದಾಗ ಸನ್ಮಾನ ಮಾಡಿ ಶಾಲು ಹೊದಿಸುತ್ತೇವೆ, ಮರುದಿನ ಅದೇ ಹುಡುಗಿ ಅದೇ ಬಿಳಿ ಗೆರೆಯ ಮೇಲೆ.

ಮತ್ತೆ ಆ ಅಂಚಿನಲ್ಲಿ ಏನಿರುತ್ತದೆ ನಿಮಗೂ ಗೊತ್ತು. ನವೆಂಬರಿನಿಂದ ಮಾರ್ಚ್ ತನಕ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು. ಕಬ್ಬು ಎರಡೂ ಕಡೆ ಚಾಚಿರುತ್ತದೆ, ಹಿಂದೆ ದೀಪವಿಲ್ಲ. ನಮ್ಮಲ್ಲೊಬ್ಬನ ಸೋದರಮಾವ ರಾತ್ರಿ ಎಂಟರ ಹೊತ್ತಿಗೆ ಹೊಲದಿಂದ ಸೈಕಲ್ಲಿನಲ್ಲಿ ಬರುವಾಗ ರಸ್ತೆ ಬದಿ ನಿಂತಿದ್ದ ಟ್ರೇಲರಿಗೆ ಹೊಡೆದರು. ಸೈಕಲ್ಲಿನ ವೇಗಕ್ಕೇ ಮೂರು ಹಲ್ಲು, ಒಂದು ಭುಜ. ಬೈಕ್ ಆಗಿದ್ದರೆ ಈ ಬರಹದಲ್ಲಿ ಬೇರೆ ವಾಕ್ಯ ಬರೆಯಬೇಕಿತ್ತು. ಹಿಂಬದಿಗೆ ಕೆಂಪು ಪ್ರತಿಫಲಕ ಇರಬೇಕೆಂದು ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಒಂದು ಟ್ರೇಲರಿಗೆ ಅಂಟಿಸುವ ಪಟ್ಟಿಯ ಖರ್ಚು ಆ ಟ್ರೇಲರಿನಿಂದ ದಾರಿಯಲ್ಲಿ ಉದುರುವ ಕಬ್ಬಿನ ಬೆಲೆಗಿಂತ ಕಡಿಮೆ. ಚಾಲಕರನ್ನು ಬಯ್ಯುವುದು ಸುಲಭ. ಅವರೂ ಕಾರ್ಖಾನೆ ಮುಂದಿನ ಸಾಲಿನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟವರು. ತೂಕದ ಸೇತುವೆಯ ಮೇಲೆ ಗಾಡಿ ನಿಂತಾಗ, ಪಟ್ಟಿ ಇಲ್ಲದ ಟ್ರೇಲರನ್ನು ಒಳಗೆ ಬಿಡುವುದಿಲ್ಲ ಅಂತ ಕಾರ್ಖಾನೆಗಳು ಹೇಳಿದರೆ ಒಂದು ವಾರದಲ್ಲಿ ಎಲ್ಲ ಟ್ರೇಲರೂ ಮಿನುಗುತ್ತವೆ. ತೂಕ ಹಾಕುವವರಿಗೆ ಇದನ್ನು ನೋಡಲು ಕಣ್ಣಿಲ್ಲವೇ?

"ಹಂಗಾದ್ರ ಸೈಕಲ್ ಎಲ್ಲಿ ಹೊಡೀಬೇಕು?" ಅಂತ ಕೇಳುತ್ತೀರಿ. ದಾರಿ ನಮ್ಮ ಮನೆ ಹಿಂದೆಯೇ ಇದೆ. ಘಟಪ್ರಭಾ ಎಡದಂಡೆ ಕಾಲುವೆ ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಹಾದು ಹೋಗುತ್ತದೆ. ಕಾಲುವೆ ಪಕ್ಕ ತಪಾಸಣೆಗೆಂದು ಮಾಡಿದ ದಾರಿ ಇದೆ. ಏರಿಲ್ಲ, ಇಳಿಜಾರಿಲ್ಲ, ಪಕ್ಕದಲ್ಲಿ ನೀರು, ಎರಡೂ ಕಡೆ ಹಸಿರು. ಕಾರವಾರದಲ್ಲಿ ನಾವು ತುಳಿದ ರಸ್ತೆಗಿಂತ ಇದು ಸೈಕಲ್ಲಿಗೆ ವಾಸಿ. ಈಗ ಅಲ್ಲಿ ಜಾಲಿ ಬೆಳೆದಿದೆ, ಕಸ ಸುರಿದಿದೆ, ಕೆಲವು ಕಡೆ ದಾರಿಯೇ ಹೊಲದೊಳಗೆ ಸೇರಿಹೋಗಿದೆ. ಒತ್ತಿಕೊಂಡವರು ಬೇರೆ ಊರಿನವರೇನಲ್ಲ.

ಇದಕ್ಕೆ ಕೋಟಿ ಯೋಜನೆ ಬೇಡ. ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. 1989ರ ಶ್ರಮಬಿಂದು ಸಾಗರ ಅದು. ನದಿಯನ್ನೇ ನಿಲ್ಲಿಸಿದವರ ಮೊಮ್ಮಕ್ಕಳಿಗೆ ಕಾಲುವೆ ಪಕ್ಕದ ಜಾಲಿ ಕಡಿಯಲು ಸರ್ಕಾರದ ಆದೇಶ ಬೇಕೇ? ಉದ್ಯೋಗ ಖಾತ್ರಿಯಲ್ಲಿ ಗಿಡ ಹಚ್ಚುವ ಕೆಲಸ ಪಂಚಾಯಿತಿಗಳು ಮಾಡಿದ್ದೇ ಇದೆ. ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಬೇಕು. ನೀರಾವರಿ ನಿಗಮದ ಒಪ್ಪಿಗೆ ಪಡೆಯುವ ಕಾಗದ ನಾವು ಬರೆದು ಕೊಡುತ್ತೇವೆ. ಓದಿದ್ದು ಅದಕ್ಕಾದರೂ ಉಪಯೋಗವಾಗಲಿ.

ನೋಡುವುದಕ್ಕೆ ತಿಮಿಂಗಿಲ ಇಲ್ಲ ಅನ್ನುವಿರಾ? ಬೀಳಗಿ ಕಡೆ ಆಲಮಟ್ಟಿ ಹಿನ್ನೀರು ಇಳಿದಾಗ ಕೆಸರಿನಲ್ಲಿ ರಾಜಹಂಸಗಳು ನಿಂತಿರುತ್ತವೆ, ಗುಲಾಬಿ ಕಾಲು, ಬಾಗಿದ ಕೊಕ್ಕು. ಪಟ್ಟೆ ತಲೆಯ ಹೆಬ್ಬಾತು ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತದೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿತು. ಅಲ್ಲಿಗೆ ದೇಶದ ಫೋಟೊಗ್ರಾಫರುಗಳು ಬರುತ್ತಾರೆ. ನಮ್ಮ ಹಿನ್ನೀರಿಗೆ ನಮ್ಮ ಶಾಲೆಯ ಮಕ್ಕಳೇ ಹೋಗುವುದಿಲ್ಲ.

ಇಲ್ಲಿ ನಾವು ನಾಲ್ವರಲ್ಲೇ ಜಗಳ ಬಿತ್ತು. ಅದನ್ನೂ ಮುಚ್ಚಿಡುವುದಿಲ್ಲ. ಜಮಖಂಡಿಯವನು "ಹಿನ್ನೀರು ಎಷ್ಟು ಚೆಂದ, ಅಲ್ಲಿ ಸೈಕಲ್ ದಾರಿ ಆಗಬೇಕು" ಅಂದ. ಬೀಳಗಿಯವಳು ತಿರುಗಿ ಬಿದ್ದಳು. "ನಿನಗೆ ಅದು ಚೆಂದದ ನೀರು. ನಮ್ಮಜ್ಜಿಗೆ ಅದು ನಾಲ್ಕು ಎಕರೆ ಹೊಲ, ಒಂದು ಬಾವಿ, ಒಂದು ಬೇವಿನ ಮರ." ಆಲಮಟ್ಟಿ ಈಗ ನಿಲ್ಲುವುದು 519.60 ಮೀಟರಿಗೆ. 524.256ಕ್ಕೆ ಏರಿಸುವ ಮಾತು ದಶಕಗಳಿಂದ ನಡೆದಿದೆ, ಏರಿದರೆ ಇನ್ನಷ್ಟು ಊರು, ಇನ್ನಷ್ಟು ಹೊಲ. ಮುಳುಗಿದವರ ಎದುರು ನೀರಿನ ಅಂದ ಹೊಗಳುವಾಗ ನಾಲಿಗೆ ತಡೆಯಬೇಕು ಅನ್ನುವುದು ಅವಳ ಮಾತು, ನಾವು ಒಪ್ಪಿದೆವು. ಆದರೆ ಅವಳೇ ಸ್ವಲ್ಪ ಹೊತ್ತಿನ ನಂತರ ಅಂದಳು: ಹೊಲ ಕೊಟ್ಟವರಿಗೆ ಆ ದಂಡೆಯ ಮೇಲೆ ಕೂರಲು ಒಂದು ಕಲ್ಲಿನ ಬೆಂಚೂ ಇಲ್ಲ; ನಾಳೆ ಯಾವನೋ ಹೊರಗಿನವನು ರೆಸಾರ್ಟ್ ಕಟ್ಟಿ ಗೇಟ್ ಹಾಕಿದರೆ ಅಜ್ಜಿ ತನ್ನ ಹೊಲದ ಮೇಲಿನ ನೀರು ನೋಡಲು ಟಿಕೆಟ್ ತೆಗೆಯಬೇಕಾಗುತ್ತದೆ. ದಂಡೆಗೆ ದಾರಿ ಮಾಡುವುದಾದರೆ ಅದು ಎಲ್ಲರ ದಾರಿ ಆಗಲಿ, ಗೇಟ್ ಬೀಳುವ ಮೊದಲೇ ಆಗಲಿ.

ಬನಹಟ್ಟಿಯ ಗೆಳೆಯ ಕಾರವಾರದಿಂದ ಬಂದ ರಾತ್ರಿ ಮೊಬೈಲಿನಲ್ಲಿ ತೆಗೆದ ಹದಿನೆಂಟು ಸೆಕೆಂಡಿನ ವಿಡಿಯೊವನ್ನು ತಂದೆಗೆ ತೋರಿಸಿದ. ಬರೀ ನೀರು, ಒಂದು ಕ್ಷಣ ಬೂದು ಬೆನ್ನು. ಅವರು ಮೊಬೈಲನ್ನು ಬಲಗಿವಿಗೆ ಹಿಡಿದು ಆ ಉಸಿರಿನ ಸದ್ದನ್ನು ನಾಲ್ಕು ಸಲ ಕೇಳಿದರು. ಆಮೇಲೆ, "ಬಸ್ಸಿಗೆ ಎಷ್ಟಾತು?" ಅಂದರು.

ಫೆಬ್ರುವರಿಯ ಎರಡನೇ ಭಾನುವಾರ ಬೆಳಗ್ಗೆ ಆರಕ್ಕೆ ನಾವು ಮುಧೋಳದಿಂದ ಕಾಲುವೆ ದಾರಿ ಹಿಡಿಯುತ್ತೇವೆ. ಎಲ್ಲಿ ದಾರಿ ಮುಚ್ಚಿದೆ ಅಂತ ಗುರುತು ಮಾಡುತ್ತ, ಫೋಟೊ ತೆಗೆಯುತ್ತ, ನಿಧಾನವಾಗಿ. ಕುಡುಗೋಲು ಎರಡಿವೆ, ಪಂಪ್ ಒಂದಿದೆ, ಪಂಕ್ಚರ್ ಸಾಮಾನು ಇದೆ. ಚಹಾದಂಗಡಿಯ ಹಿರಿಯರನ್ನೂ ಕರೆದಿದ್ದೇವೆ. "ಸೀಟು ಮೆತ್ತಗಿದ್ರ ಬರ್ತೀನಿ" ಅಂದಿದ್ದಾರೆ, ಮೆತ್ತನೆ ಸೀಟು ಹುಡುಕುತ್ತಿದ್ದೇವೆ.